ಸ್ಕಾ ಸಂಗೀತ ಎಂದರೇನು? ಅಭಿಮಾನಿಗಳ ಮುಗಿಯದ ವಾದ, ಮೆಚ್ಚಿನ ಬ್ಯಾಂಡ್, ಆಲ್ಬಂ ಮತ್ತು ಲೈವ್ ಶೋಗಳ ಪರಿಚಯ

ರೆಗ್ಗೆ ಎಂದೊಡನೆ ನೆನಪಾಗುವ ಹೆಸರು ಬಾಬ್ ಮಾರ್ಲಿ. ಆದರೆ ಮಾರ್ಲಿ ತಮ್ಮ ಗೆಳೆಯರ ತಂಡ ವೇಲರ್ಸ್ ಜೊತೆ 1964ರಲ್ಲಿ ಕೊಟ್ಟ ಮೊದಲ ಹಿಟ್ ಹಾಡು 'ಸಿಮ್ಮರ್ ಡೌನ್' ರೆಗ್ಗೆ ಅಲ್ಲ. ಅದು ಸ್ಕಾ. ರೆಗ್ಗೆಗಿಂತ ಮೊದಲೇ ಹುಟ್ಟಿದ, ಅದಕ್ಕಿಂತ ವೇಗವಾದ, ಕೇಳಿದವರ ಕಾಲು ಸುಮ್ಮನಿರಲು ಬಿಡದ ಜಮೈಕಾದ ಸಂಗೀತವಿದು.

ಸ್ಕಾ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಬೇಗನೆ ವಾದಕ್ಕೆ ತಿರುಗುತ್ತದೆ. ಯಾವ ಬ್ಯಾಂಡ್ ದೊಡ್ಡದು? ಯಾವ ಆಲ್ಬಂ ಮೊದಲು ಕೇಳಬೇಕು? ಅಸಲಿ ಸ್ಕಾ ಯಾವುದು, ಬರೀ ಹೆಸರಿಗೆ ಸ್ಕಾ ಯಾವುದು? ಭಾರತದಲ್ಲಿ ಈ ಅಭಿಮಾನಿ ಬಳಗ ಚಿಕ್ಕದು. ಆದರೂ ದೆಹಲಿಯ ಒಂದು ಬ್ಯಾಂಡ್ ಈ ಸಂಗೀತವನ್ನು ತನ್ನದಾಗಿಸಿಕೊಂಡಿದೆ. ಮಹಾರಾಷ್ಟ್ರದ ನಾಸಿಕ್, ಸಿನ್ನರ್, ಪುಣೆ ಹೆದ್ದಾರಿಯ ಎರಡೂ ತುದಿಗಳಲ್ಲಿ ಬಯಲು ಸಂಗೀತೋತ್ಸವಗಳು ಬೆಳೆದಿವೆ. ಹೊಸದಾಗಿ ಕೇಳುವವರಿಗೂ, ಈಗಾಗಲೇ ಕೇಳುತ್ತಿರುವವರಿಗೂ ನೆರವಾಗಲೆಂದು ಸ್ಕಾದ ಕಥೆ ಇಲ್ಲಿದೆ.

ಸ್ಕಾ ತಾಳ ಹಿಡಿಯುವುದು ಹೇಗೆ?

ಬಾಯಲ್ಲಿ 'ತಕ ತಕ ತಕ ತಕ' ಎಂದು ಹೇಳಿಕೊಳ್ಳಿ. ಪ್ರತಿ 'ತ'ಗೆ ಕಾಲಿನಿಂದ ನೆಲ ತಟ್ಟಿ, ಪ್ರತಿ 'ಕ'ಗೆ ಚಪ್ಪಾಳೆ ಹಾಕಿ. ಆ ಚಪ್ಪಾಳೆ ಬೀಳುವ ಜಾಗದಲ್ಲಿ ಸ್ಕಾದ ಗಿಟಾರ್ ನುಡಿಯುತ್ತದೆ. ಇದಕ್ಕೆ ಆಫ್‌ಬೀಟ್ ಎನ್ನುತ್ತಾರೆ. ಗಿಟಾರ್ ವಾದಕ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಮೀಟಿ, ನಾದವನ್ನು ತಕ್ಷಣ ಕತ್ತರಿಸುತ್ತಾನೆ. ಆ ತುಂಡು ಸದ್ದೇ ಸ್ಕಾದ ಗುರುತು.

ಅದರ ಕೆಳಗೆ ಬೇಸ್ ಗಿಟಾರ್ ಒಂದೊಂದೇ ಹೆಜ್ಜೆ ಇಡುತ್ತ ನಡೆಯುತ್ತದೆ. ಮೇಲೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್ ಸೇರಿ ರಾಗ ಹಿಡಿಯುತ್ತವೆ. ಎಷ್ಟೋ ಹಳೆಯ ಸ್ಕಾ ಮುದ್ರಿಕೆಗಳಲ್ಲಿ ಹಾಡುಗಾರರೇ ಇಲ್ಲ. ಊದುವ ವಾದ್ಯಗಳೇ ಅಲ್ಲಿ ಹಾಡುತ್ತವೆ.

'ಸ್ಕಾ' ಎಂಬ ಹೆಸರು ಹೇಗೆ ಬಂತು ಎಂಬುದಕ್ಕೆ ಹಲವು ಕಥೆಗಳಿವೆ. ಗಿಟಾರ್‌ನ ಆ ತುಂಡು ಸದ್ದನ್ನೇ ಬಾಯಲ್ಲಿ ಅನುಕರಿಸಿದಾಗ ಹುಟ್ಟಿದ ಪದ ಎಂಬುದು ಅವುಗಳಲ್ಲಿ ಒಂದು.

ರಸ್ತೆಯ ಸ್ಪೀಕರ್‌ಗಳಿಂದ ಹುಟ್ಟಿದ ಸಂಗೀತ

1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಬಡಾವಣೆಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿ, ಅಮೆರಿಕದಿಂದ ತಂದ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್‌ಗಳನ್ನು ಹಾಕಿ ಜನರನ್ನು ಕುಣಿಸುವುದು ಒಂದು ವ್ಯಾಪಾರವಾಗಿತ್ತು. ಇವುಗಳಿಗೆ ಸೌಂಡ್ ಸಿಸ್ಟಂ ಎಂದು ಹೆಸರು. ಕಾಕ್ಸೋನ್ ಡಾಡ್, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್ ಇದರ ದೊಡ್ಡ ಹೆಸರುಗಳು. ಅವರ ನಡುವೆ ಪೈಪೋಟಿ ಜೋರಾಗಿತ್ತು.

ದಶಕದ ಕೊನೆಗೆ ಅಮೆರಿಕದಲ್ಲಿ ಅಭಿರುಚಿ ಬದಲಾಯಿತು. ಕಿಂಗ್‌ಸ್ಟನ್ ಜನ ಬಯಸುತ್ತಿದ್ದ ಬಗೆಯ ಹೊಸ ರೆಕಾರ್ಡ್‌ಗಳು ಬರುವುದು ಕಡಿಮೆಯಾಯಿತು. ಆಗ ಈ ವ್ಯಾಪಾರಿಗಳು ಸ್ಥಳೀಯ ವಾದಕರನ್ನು ಕರೆದು ತಾವೇ ಹಾಡು ಮಾಡಿಸತೊಡಗಿದರು. ಬ್ಲೂಸ್, ಜಾಝ್ ಜೊತೆಗೆ ಜಮೈಕಾದ್ದೇ ಆದ ಮೆಂಟೊ ಜನಪದ ಸಂಗೀತ ಬೆರೆತು ಹೊಸ ಲಯ ಹುಟ್ಟಿತು. 1962ರ ಆಗಸ್ಟ್ 6ರಂದು ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಹೊಸ ದೇಶದ ಸಂಭ್ರಮದ ಸಂಗೀತವೂ ಸ್ಕಾ ಆಯಿತು. 1963ರಲ್ಲಿ ಕಾಕ್ಸೋನ್ ಡಾಡ್ ಕಿಂಗ್‌ಸ್ಟನ್‌ನಲ್ಲಿ ಸ್ಟುಡಿಯೋ ಒನ್ ತೆರೆದರು.

1964ರಲ್ಲಿ ಮಿಲ್ಲಿ ಸ್ಮಾಲ್ ಎಂಬ ಹದಿಹರೆಯದ ಗಾಯಕಿ ಲಂಡನ್‌ನಲ್ಲಿ ಹಾಡಿದ 'ಮೈ ಬಾಯ್ ಲಾಲಿಪಾಪ್' ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ 2ನೇ ಸ್ಥಾನಕ್ಕೇರಿತು. ಹೊರಗಿನ ಜಗತ್ತು ಸ್ಕಾ ಲಯವನ್ನು ದೊಡ್ಡ ಮಟ್ಟದಲ್ಲಿ ಕೇಳಿದ್ದು ಆಗಲೇ.

ಆಲ್ಫಾ ಶಾಲೆಯ ಹುಡುಗರು

ಈ ಸಂಗೀತವನ್ನು ನುಡಿಸಿದವರು ಯಾರು? ಇಲ್ಲೇ ಸ್ಕಾದ ಕಥೆ ವಿಶೇಷವಾಗುತ್ತದೆ. 1880ರಲ್ಲಿ ಆರಂಭವಾದ ಕಿಂಗ್‌ಸ್ಟನ್‌ನ ಆಲ್ಫಾ ಸಂಸ್ಥೆ ಅನಾಥ ಹಾಗೂ ಬಡ ಮಕ್ಕಳ ಆಶ್ರಯವಾಗಿತ್ತು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಅಲ್ಲಿನ ಹುಡುಗರ ಶಾಲೆಯಲ್ಲಿ ಬೇರೆ ಬೇರೆ ಕಸುಬುಗಳ ಜೊತೆ ಬ್ಯಾಂಡ್ ವಾದನವನ್ನೂ ಕಲಿಸುತ್ತಿದ್ದರು. ಕಲಿತ ಹುಡುಗರಿಗೆ ಮಿಲಿಟರಿ ಬ್ಯಾಂಡ್‌ನಲ್ಲೋ ಹೋಟೆಲ್ ಬ್ಯಾಂಡ್‌ನಲ್ಲೋ ಕೆಲಸ ಸಿಗುವ ಸಾಧ್ಯತೆ ಇತ್ತು.

ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ಇಲ್ಲಿ ದಶಕಗಳ ಕಾಲ ಮಕ್ಕಳನ್ನು ಸಂಗೀತಕ್ಕೆ ಹಚ್ಚಿದರು. ಅವರ ಬಳಿ ದೊಡ್ಡ ರೆಕಾರ್ಡ್ ಸಂಗ್ರಹವಿತ್ತು. 2003ರಲ್ಲಿ ಅವರು ತೀರಿಕೊಂಡಾಗ ಜಮೈಕಾದ ಸಂಗೀತಲೋಕ ತನ್ನ ತಾಯಿಯನ್ನೇ ಕಳೆದುಕೊಂಡಂತೆ ದುಃಖಿಸಿತು.

ಟಾಮಿ ಮೆಕುಕ್, ಲೆಸ್ಟರ್ ಸ್ಟರ್ಲಿಂಗ್, ಜಾನಿ 'ಡಿಝಿ' ಮೂರ್, ಡಾನ್ ಡ್ರಮಂಡ್ ಇದೇ ಶಾಲೆಯಲ್ಲಿ ಕಲಿತವರು. ಈ ನಾಲ್ವರೂ 1964ರಲ್ಲಿ ಹುಟ್ಟಿದ 'ದಿ ಸ್ಕಾಟಲೈಟ್ಸ್' ತಂಡದಲ್ಲಿದ್ದರು. ಸ್ಯಾಕ್ಸೊಫೋನ್‌ನ ರೋಲಂಡ್ ಆಲ್ಫಾನ್ಸೊ, ಕೀಬೋರ್ಡ್‌ನ ಜಾಕಿ ಮಿಟ್ಟೂ, ಬೇಸ್‌ನ ಲಾಯ್ಡ್ ಬ್ರೆವೆಟ್, ಡ್ರಮ್ಸ್‌ನ ಲಾಯ್ಡ್ ನಿಬ್ ಅವರ ಜೊತೆಗಾರರು. ತಂಡ ಆ ರೂಪದಲ್ಲಿ ಉಳಿದದ್ದು 1965ರವರೆಗೆ ಮಾತ್ರ. ಅಷ್ಟರಲ್ಲೇ ಸ್ಕಾದ ಅಡಿಪಾಯ ಬಿದ್ದಾಗಿತ್ತು. 'ಸಿಮ್ಮರ್ ಡೌನ್'ಗೆ ವಾದ್ಯ ನುಡಿಸಿದವರೂ ಮುಂದೆ ಸ್ಕಾಟಲೈಟ್ಸ್ ಎಂದು ಹೆಸರಾದ ಸ್ಟುಡಿಯೋ ಒನ್ ವಾದಕರೇ.

ಕನ್ನಡಿಗರಿಗೆ ಈ ಕಥೆ ಅಷ್ಟೇನೂ ದೂರದ್ದಲ್ಲ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗ ಮುಂದೆ ಕದ್ರಿ ಗೋಪಾಲನಾಥ್ ಆಗಿ ಬೆಳೆದು, ಆ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇಂದು ಕರಾವಳಿಯ ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೊಫೋನ್ ನಮ್ಮದೇ ವಾದ್ಯ ಎನ್ನುವಷ್ಟು ಸಹಜವಾಗಿದೆ. ದೊರೆಗಳ ಮೆರವಣಿಗೆಗೆಂದು ಬಂದ ವಾದ್ಯ ಜನರ ಕೈಗೆ ಸಿಕ್ಕಿ ಬೇರೆಯೇ ಸಂಗೀತವಾಗಿದ್ದು ಕಿಂಗ್‌ಸ್ಟನ್‌ನಲ್ಲೂ ಹೌದು, ಮಂಗಳೂರಿನಲ್ಲೂ ಹೌದು.

ಡಾನ್ ಡ್ರಮಂಡ್: ಅಭಿಮಾನಿಗಳ ಕಷ್ಟದ ಪ್ರಶ್ನೆ

ಸ್ಕಾಟಲೈಟ್ಸ್ ಅಭಿಮಾನಿಗಳಲ್ಲಿ ಹಲವರ ಮೆಚ್ಚಿನ ವಾದಕ ಟ್ರಾಂಬೋನ್‌ನ ಡಾನ್ ಡ್ರಮಂಡ್. ಅವರ ರಾಗಗಳಲ್ಲಿ ಕುಣಿಸುವ ಲಯದ ಮೇಲೊಂದು ವಿಷಾದ ಹರಿಯುತ್ತದೆ. ಆದರೆ ಅವರ ಹೆಸರು ಬಂದಾಗ ಮಾತು ಒಂದು ಕ್ಷಣ ನಿಲ್ಲುತ್ತದೆ.

1965ರ ಹೊಸ ವರ್ಷದ ಹೊತ್ತಿನಲ್ಲಿ ಡ್ರಮಂಡ್ ತಮ್ಮ ಸಂಗಾತಿ, ನರ್ತಕಿ ಮಾರ್ಗರಿಟಾ ಎಂದೇ ಹೆಸರಾಗಿದ್ದ ಅನಿತಾ ಮಹಫೂಡ್ ಅವರನ್ನು ಕೊಂದರು. ಮಾನಸಿಕ ಅಸ್ವಸ್ಥರೆಂದು ಅವರನ್ನು ಕಿಂಗ್‌ಸ್ಟನ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಇರಿಸಲಾಯಿತು. 1969ರಲ್ಲಿ ಅಲ್ಲೇ ತೀರಿಕೊಂಡರು. ಆ ವಾದನವನ್ನು ಮೆಚ್ಚಬಹುದೇ ಎಂಬ ಪ್ರಶ್ನೆಗೆ ಒಬ್ಬೊಬ್ಬರ ಉತ್ತರ ಒಂದೊಂದು. ಆದರೆ ಬಹುಕಾಲ ಈ ಘಟನೆಯನ್ನು 'ಮಹಾನ್ ಕಲಾವಿದನ ದುರಂತ' ಎಂದಷ್ಟೇ ಹೇಳಲಾಯಿತು. ಕೊಲೆಯಾದ ಮಾರ್ಗರಿಟಾ ಸ್ವತಃ ಕಲಾವಿದೆ, 'ವುಮನ್ ಎ ಕಮ್' ಎಂಬ ಸ್ಕಾ ಹಾಡನ್ನು ಹಾಡಿದವರು. ಡ್ರಮಂಡ್ ಅವರನ್ನು ಕೇಳುವವರು ಆ ಹಾಡನ್ನೂ ಒಮ್ಮೆ ಕೇಳಬೇಕು.

ಎರಡನೇ ಅಲೆ: ಕವೆಂಟ್ರಿಯ ಕಪ್ಪು ಬಿಳುಪು

1966ರ ಹೊತ್ತಿಗೆ ಜಮೈಕಾದಲ್ಲಿ ಸ್ಕಾದ ವೇಗ ತಗ್ಗಿ ರಾಕ್‌ಸ್ಟೆಡಿ ಆಯಿತು. 1968ರ ವೇಳೆಗೆ ಅದು ರೆಗ್ಗೆ ಆಯಿತು. ಆದರೆ ಬ್ರಿಟನ್‌ಗೆ ವಲಸೆ ಹೋದ ಜಮೈಕನ್ನರ ಜೊತೆ ಸ್ಕಾ ರೆಕಾರ್ಡ್‌ಗಳೂ ಹೋಗಿದ್ದವು. ಅವುಗಳನ್ನು ಕೇಳಿ ಬೆಳೆದ ಹುಡುಗರು 1979ರಲ್ಲಿ ಸ್ಕಾಗೆ ಪಂಕ್ ರಾಕ್‌ನ ಸಿಟ್ಟು ಬೆರೆಸಿದರು.

ಇದರ ಮುಂದಾಳು ಕವೆಂಟ್ರಿ ನಗರದ ಜೆರ್ರಿ ಡ್ಯಾಮರ್ಸ್. ಅವರು ಹುಟ್ಟಿದ್ದು ನಮ್ಮ ಪಕ್ಕದ ಊಟಿಯಲ್ಲಿ, 1955ರಲ್ಲಿ. ಅವರು ಆರಂಭಿಸಿದ ಟೂ ಟೋನ್ ರೆಕಾರ್ಡ್ಸ್ ಸಂಸ್ಥೆಯ ಗುರುತು ಕಪ್ಪು ಬಿಳುಪು ಚೌಕಳಿ. ಅವರ ಬ್ಯಾಂಡ್ 'ದಿ ಸ್ಪೆಷಲ್ಸ್'ನಲ್ಲಿ ಕಪ್ಪು ಜನ, ಬಿಳಿ ಜನ ಒಟ್ಟಿಗೆ ನುಡಿಸುತ್ತಿದ್ದರು. ಪಾಲಿನ್ ಬ್ಲ್ಯಾಕ್ ಹಾಡುತ್ತಿದ್ದ 'ದಿ ಸೆಲೆಕ್ಟರ್', ಲಂಡನ್‌ನ 'ಮ್ಯಾಡ್‌ನೆಸ್', ಬರ್ಮಿಂಗ್‌ಹ್ಯಾಮ್‌ನ 'ದಿ ಬೀಟ್' ಈ ಅಲೆಯ ಉಳಿದ ದೊಡ್ಡ ಹೆಸರುಗಳು. ಮ್ಯಾಡ್‌ನೆಸ್ ತನ್ನ ಹೆಸರನ್ನೇ ಪ್ರಿನ್ಸ್ ಬಸ್ಟರ್ ಹಾಡಿನಿಂದ ಪಡೆಯಿತು.

ಆ ದಿನಗಳಲ್ಲಿ ಬ್ರಿಟನ್‌ನಲ್ಲಿ ನಿರುದ್ಯೋಗ ಏರುತ್ತಿತ್ತು, ವಲಸಿಗರ ಮೇಲೆ ಹಲ್ಲೆಗಳು ನಡೆಯುತ್ತಿದ್ದವು. ಸ್ಪೆಷಲ್ಸ್‌ನ ಗಿಟಾರ್ ವಾದಕ, ಜಮೈಕಾ ಮೂಲದ ಲಿನ್ವಲ್ ಗೋಲ್ಡಿಂಗ್ ಅವರ ಮೇಲೂ ದಾಳಿಯಾಯಿತು. 1981ರ ಏಪ್ರಿಲ್‌ನಲ್ಲಿ ಕವೆಂಟ್ರಿ ನಗರದ ನಡುವೆಯೇ ಸತ್ನಾಂ ಸಿಂಗ್ ಗಿಲ್ ಎಂಬ ಭಾರತೀಯ ಮೂಲದ ಯುವ ವಿದ್ಯಾರ್ಥಿಯನ್ನು ಇರಿದು ಕೊಲ್ಲಲಾಯಿತು. ಜೂನ್ 20ರಂದು ಸ್ಪೆಷಲ್ಸ್ ತಂಡ ತನ್ನೂರಿನ ಬಟ್ಸ್ ಕ್ರೀಡಾಂಗಣದಲ್ಲಿ ಜನಾಂಗೀಯ ದ್ವೇಷದ ವಿರುದ್ಧ ಸಂಗೀತ ಕಾರ್ಯಕ್ರಮ ನಡೆಸಿತು. ಅದೇ ವರ್ಷ ಜುಲೈನಲ್ಲಿ ಬ್ರಿಟನ್‌ನ ಹಲವು ನಗರಗಳಲ್ಲಿ ಗಲಭೆ ಎದ್ದಿತ್ತು. ಆಗ ದೇಶದ ನಂಬರ್ 1 ಹಾಡಾಗಿದ್ದದ್ದು, ಪಾಳುಬಿದ್ದ ಊರಿನ ಬಗ್ಗೆ ಸ್ಪೆಷಲ್ಸ್ ಹಾಡಿದ 'ಘೋಸ್ಟ್ ಟೌನ್'.

ಎರಡನೇ ಅಲೆಯ ಅಭಿಮಾನಿಗಳು ಇಂದಿಗೂ ಲೈವ್ ಶೋಗಳ ಬಗ್ಗೆ ಅಷ್ಟು ಭಾವುಕರಾಗಿ ಮಾತನಾಡುವುದು ಇದಕ್ಕೇ. ಒಂದೇ ಅಂಗಳದಲ್ಲಿ ಯಾರ ಪಕ್ಕ ಯಾರು ಕುಣಿಯುತ್ತಾರೆ ಎಂಬುದೇ ಆಗ ದೊಡ್ಡ ವಿಷಯವಾಗಿತ್ತು. ಕಾರ್ಯಕ್ರಮಗಳಿಗೆ ನುಗ್ಗಿ ಗಲಾಟೆ ಎಬ್ಬಿಸುವ ಜನಾಂಗೀಯವಾದಿಗಳೂ ಇದ್ದರು.

ಮೂರನೇ ಅಲೆ: ಅಮೆರಿಕದ ಸ್ಕಾ ಪಂಕ್

ಮೂರನೇ ಅಲೆ ಎದ್ದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್‌ನ 'ದಿ ಟೋಸ್ಟರ್ಸ್' 1980ರ ದಶಕದಲ್ಲಿ ದಾರಿ ಮಾಡಿಕೊಟ್ಟಿತು. ಕ್ಯಾಲಿಫೋರ್ನಿಯಾದ 'ಆಪರೇಷನ್ ಐವಿ' ಎರಡೇ ವರ್ಷ ಬದುಕಿದ್ದರೂ 1989ರ 'ಎನರ್ಜಿ' ಆಲ್ಬಂ ಮೂಲಕ ಒಂದಿಡೀ ಪೀಳಿಗೆಯನ್ನು ಪ್ರಭಾವಿಸಿತು. 1990ರ ದಶಕದ ನಡುವೆ 'ನೋ ಡೌಟ್', 'ರೀಲ್ ಬಿಗ್ ಫಿಶ್', 'ಲೆಸ್ ದ್ಯಾನ್ ಜೇಕ್', ಬಾಸ್ಟನ್‌ನ 'ಮೈಟಿ ಮೈಟಿ ಬಾಸ್‌ಟೋನ್ಸ್' ಟಿವಿ, ರೇಡಿಯೋಗಳಲ್ಲೆಲ್ಲ ಕೇಳಿಸಿದವು. ವೇಗ ಹೆಚ್ಚಿತು, ಗಿಟಾರ್ ಕರ್ಕಶವಾಯಿತು, ತಮಾಷೆ ಬಂತು. ದಶಕ ಮುಗಿಯುವಷ್ಟರಲ್ಲಿ ಜನಪ್ರಿಯತೆ ಇಳಿಯಿತು.

ಅಮೆರಿಕದ ಹೊರಗೆ ಕಥೆ ಬೇರೆ. 1985ರಲ್ಲಿ ಆರಂಭವಾದ 'ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ' ಜಪಾನ್‌ನಲ್ಲಿ ಮನೆಮಾತು. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲೂ ಸ್ಕಾ ಬ್ಯಾಂಡ್‌ಗಳಿಗೆ ದೊಡ್ಡ ಜನಸಂದಣಿ ಸೇರುತ್ತದೆ.

ಹಾಗಾದರೆ ಅಸಲಿ ಸ್ಕಾ ಯಾವುದು?

ಮೊದಲ ಅಲೆಯ ಅಭಿಮಾನಿಗೆ ಮೂರನೆಯದು ಬರೀ ಗದ್ದಲ. ಮೂರನೇ ಅಲೆಯವರಿಗೆ ಮೊದಲನೆಯದು ಅಜ್ಜನ ಕಾಲದ್ದು. ಎರಡನೇ ಅಲೆಯವರು ನಮ್ಮದೇ ಅರ್ಥವಿದ್ದ ಸ್ಕಾ ಎನ್ನುತ್ತಾರೆ. ಈ ವಾದಕ್ಕೆ ಉತ್ತರದಂತಿರುವ ಒಂದು ಬದುಕಿದೆ. ಅದು ರಿಕೊ ರೋಡ್ರಿಗಸ್ ಅವರದು.

ಕ್ಯೂಬಾದಲ್ಲಿ ಹುಟ್ಟಿ ಕಿಂಗ್‌ಸ್ಟನ್‌ನಲ್ಲಿ ಬೆಳೆದ ರಿಕೊ ಆಲ್ಫಾ ಶಾಲೆಯಲ್ಲಿ ಟ್ರಾಂಬೋನ್ ಕಲಿತವರು. 1961ರಲ್ಲಿ ಬ್ರಿಟನ್‌ಗೆ ಹೋದರು. 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಅವರ 'ರೂಡಿ, ಎ ಮೆಸೇಜ್ ಟು ಯೂ' ಹಾಡಿಗೆ ಟ್ರಾಂಬೋನ್ ನುಡಿಸಿದರು. 12 ವರ್ಷಗಳ ನಂತರ ಸ್ಪೆಷಲ್ಸ್‌ನ ಹುಡುಗರು ಅದೇ ಹಾಡನ್ನು ಮತ್ತೆ ಹಾಡಲು ಹೊರಟಾಗ, ಟ್ರಾಂಬೋನ್‌ಗೆ ರಿಕೊ ಅವರನ್ನೇ ಕರೆದರು. ಒಂದೇ ಹಾಡು, ಎರಡು ಪೀಳಿಗೆ, ಊದಿದ ಉಸಿರು ಒಬ್ಬರದೇ. 2015ರಲ್ಲಿ ರಿಕೊ ತೀರಿಕೊಂಡರು. ಅಲೆಗಳನ್ನು ಎಣಿಸಿದವರು ಅಭಿಮಾನಿಗಳು. ವಾದಕರಿಗೆ ಅದು ಒಂದೇ ದಾರಿ.

ಭಾರತದಲ್ಲಿ ಸ್ಕಾ: ದೆಹಲಿಯಿಂದ ನಾಸಿಕ್‌ವರೆಗೆ

ಭಾರತದಲ್ಲಿ ಸ್ಕಾ ಎಂದರೆ ಮೊದಲು ಬರುವ ಹೆಸರು ದೆಹಲಿಯ 'ದಿ ಸ್ಕಾ ವೆಂಜರ್ಸ್'. 2009ರಲ್ಲಿ ಆರಂಭವಾದ ಈ ತಂಡದಲ್ಲಿ ದೆಹಲಿ ಸಲ್ತನತ್ ಹೆಸರಿನ ತರು ದಾಲ್ಮಿಯಾ, ಬೇಗಂ ಎಕ್ಸ್ ಹೆಸರಿನ ಸಮಾರಾ ಚೋಪ್ರಾ, ಕೀಬೋರ್ಡ್‌ನ ಸ್ಟೀಫನ್ ಕೇ ಪ್ರಮುಖರು. ಮೊದಲ ಆಲ್ಬಂ 2012ರಲ್ಲಿ ಬಂತು. ಲಂಡನ್‌ನಲ್ಲಿ 1940ರಲ್ಲಿ ಮೈಕೆಲ್ ಓಡ್ವೈರ್‌ನನ್ನು ಗುಂಡಿಕ್ಕಿ ಕೊಂದ ಉಧಮ್ ಸಿಂಗ್ ಬಳಸಿದ್ದ ಹೆಸರುಗಳಲ್ಲಿ ಒಂದು ಫ್ರಾಂಕ್ ಬ್ರೆಝಿಲ್. ಅದೇ ಹೆಸರಿನಲ್ಲಿ ಸ್ಕಾ ವೆಂಜರ್ಸ್ ಒಂದು ಹಾಡು ಮಾಡಿದೆ. ಜಮೈಕಾದ ಲಯಕ್ಕೆ ಜಲಿಯನ್‌ವಾಲಾ ಬಾಗ್‌ನ ನೆನಪು ಸೇರಿದೆ.

ಅದೇ 2009ರಲ್ಲಿ ದೆಹಲಿಯಲ್ಲೇ ಶುರುವಾದ 'ರೆಗ್ಗೆ ರಾಜಾಸ್' ಬಳಗ 2016ರಲ್ಲಿ 'ಗೋವಾ ಸನ್‌ಸ್ಪ್ಲ್ಯಾಶ್' ಉತ್ಸವ ಆರಂಭಿಸಿತು. ಜಮೈಕಾ ಸಂಗೀತಕ್ಕೆಂದೇ ಇರುವ ಉತ್ಸವವಿದು. ಕರ್ನಾಟಕದ ಅಭಿಮಾನಿಗಳಿಗೆ ಕೈಗೆಟಕುವ ದೂರದಲ್ಲಿದೆ.

ಮಹಾರಾಷ್ಟ್ರದ ಕಡೆ ನೋಡಿದರೆ, ನಾಸಿಕ್ ಹೊರವಲಯದ ದ್ರಾಕ್ಷಿ ತೋಟಗಳಲ್ಲಿ 2008ರಲ್ಲಿ 'ಸುಲಾಫೆಸ್ಟ್' ಶುರುವಾಯಿತು. ಪುಣೆಯಲ್ಲಿ 2010ರಲ್ಲಿ 'ಎನ್‌ಎಚ್7 ವೀಕೆಂಡರ್' ಆರಂಭವಾಯಿತು. ಇವು ಸ್ಕಾಗೆ ಮಾತ್ರ ಮೀಸಲಾದ ಉತ್ಸವಗಳಲ್ಲ. ಆದರೆ ಸಿನಿಮಾ ಹಾಡಿನಾಚೆಯ ಬ್ಯಾಂಡ್‌ಗಳನ್ನು ಬಯಲಲ್ಲಿ ನಿಂತು ಕೇಳುವ ಅಭ್ಯಾಸವನ್ನು ಈ ಭಾಗದಲ್ಲಿ ಬೆಳೆಸಿದವು. ಈ ಎರಡು ನಗರಗಳ ನಡುವಿನ ಹೆದ್ದಾರಿಯಲ್ಲಿ, ನಾಸಿಕ್‌ನಿಂದ ಸುಮಾರು 30 ಕಿ.ಮೀ. ದೂರದಲ್ಲಿ ಸಿನ್ನರ್ ಇದೆ. ಕನ್ನಡ ಶಾಸನಗಳನ್ನೂ ಬರೆಸಿದ ಸೇವುಣರ ಆರಂಭದ ರಾಜಧಾನಿ ಎಂದು ಗುರುತಿಸಲಾಗುವ, ಗೊಂದೇಶ್ವರ ದೇವಾಲಯದ ಊರು ಅದು. ಇಂದು ಅದು ಕೈಗಾರಿಕಾ ಪಟ್ಟಣ. ಅಲ್ಲಿನ ಸಂಗೀತಪ್ರಿಯರಿಗೆ ಒಂದು ಉತ್ಸವ ಮಗ್ಗುಲಲ್ಲೇ, ಇನ್ನೊಂದು ಅದೇ ಹೆದ್ದಾರಿಯ ಆ ತುದಿಯಲ್ಲಿ. ಉತ್ಸವದ ದಿನಾಂಕ, ಸ್ಥಳ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲ ಬಾರಿ ಕೇಳುವವರಿಗೆ 7 ಆಲ್ಬಂ, ಹಾಡುಗಳು

1. ಸ್ಕಾಟಲೈಟ್ಸ್ ಮುದ್ರಿಸಿದ 'ಗನ್ಸ್ ಆಫ್ ನವರೋನ್': ಸಿನಿಮಾ ಸಂಗೀತವೊಂದನ್ನು ಸ್ಕಾಗೆ ತಿರುಗಿಸಿದ ರೀತಿ ನೋಡಿ. ಊದುವ ವಾದ್ಯಗಳನ್ನು ಗುರುತಿಸಲು ಒಳ್ಳೆಯ ಪಾಠ.

2. ವೇಲರ್ಸ್ ಅವರ 'ಸಿಮ್ಮರ್ ಡೌನ್' (1964): ಕಿಂಗ್‌ಸ್ಟನ್‌ನ ಪುಂಡ ಹುಡುಗರಿಗೆ ಶಾಂತರಾಗಿ ಎನ್ನುವ ಹಾಡು. ಯುವಕ ಮಾರ್ಲಿಯ ಧ್ವನಿ ಇಲ್ಲಿದೆ.

3. 'ದಿ ಸ್ಪೆಷಲ್ಸ್' (1979): ಎಲ್ವಿಸ್ ಕಾಸ್ಟೆಲ್ಲೊ ನಿರ್ಮಾಣದ ಮೊದಲ ಆಲ್ಬಂ. ಎಲ್ಲಿಂದ ಆರಂಭಿಸಲಿ ಎನ್ನುವವರಿಗೆ ಮೊದಲು ಹೇಳಬೇಕಾದದ್ದು ಇದೇ.

4. ಮ್ಯಾಡ್‌ನೆಸ್ ಅವರ 'ಒನ್ ಸ್ಟೆಪ್ ಬಿಯಾಂಡ್' (1979): ಶೀರ್ಷಿಕೆ ಹಾಡು ಪ್ರಿನ್ಸ್ ಬಸ್ಟರ್ ಅವರದು. ಮೂಲವನ್ನೂ ಕೇಳಿ ಹೋಲಿಸಬಹುದು.

5. ದಿ ಸೆಲೆಕ್ಟರ್ ಅವರ 'ಟೂ ಮಚ್ ಪ್ರೆಷರ್' (1980): ಗಂಡಸರೇ ತುಂಬಿದ್ದ ವೇದಿಕೆಗಳ ನಡುವೆ ಪಾಲಿನ್ ಬ್ಲ್ಯಾಕ್ ಅವರ ಗಟ್ಟಿ ಧ್ವನಿ.

6. ರೀಲ್ ಬಿಗ್ ಫಿಶ್ ಅವರ 'ಟರ್ನ್ ದಿ ರೇಡಿಯೋ ಆಫ್' (1996): ಮೂರನೇ ಅಲೆಯ ವೇಗ, ತಮಾಷೆ ಎರಡೂ ಇದರಲ್ಲಿವೆ.

7. 'ದಿ ಸ್ಕಾ ವೆಂಜರ್ಸ್' (2012): ಭಾರತದ ಸ್ಕಾ ಹೇಗಿರುತ್ತದೆ ಎಂಬ ಪ್ರಶ್ನೆಗೆ ನೇರ ಉತ್ತರ.

ಲೈವ್ ಶೋ ಏಕೆ ಬೇಕು?

ಸ್ಕಾವನ್ನು ಮೊಬೈಲ್‌ನ ಚಿಕ್ಕ ಸ್ಪೀಕರ್‌ನಲ್ಲಿ ಕೇಳಿದರೆ ಗಿಟಾರ್‌ನ ಟಕ ಟಕ ಮಾತ್ರ ಉಳಿಯುತ್ತದೆ. ಬೇಸ್ ಕೇಳುವುದೇ ಇಲ್ಲ. ಊದುವ ವಾದ್ಯಗಳು ತಗಡು ಬಡಿದಂತೆ ಕೇಳಿಸುತ್ತವೆ. ಇದು ರಸ್ತೆ ಬದಿಯ ದೊಡ್ಡ ಸ್ಪೀಕರ್‌ಗಳಿಗಾಗಿ, ಕುಣಿಯುವ ಜನರಿಗಾಗಿ ಹುಟ್ಟಿದ ಸಂಗೀತ. ಶೋಗೆ ಹೋಗಲಾಗದಿದ್ದರೆ ಕನಿಷ್ಠ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಮೊದಲು ಬೇಸ್, ಆಮೇಲೆ ಗಿಟಾರ್, ಕೊನೆಗೆ ಟ್ರಾಂಬೋನ್ ಹೀಗೆ ಒಂದೊಂದನ್ನೇ ಹಿಂಬಾಲಿಸಿ ಕೇಳಿ.

ಇನ್ನೊಂದು ಮಾತು. ಕರ್ನಾಟಕದ ಗಣೇಶೋತ್ಸವಗಳಲ್ಲಿ 'ನಾಸಿಕ್ ಡೋಲು' ಎಂದರೆ ಯುವಕರು ಓಡಿ ಬರುತ್ತಾರೆ. ನಾಸಿಕ್ ಇರಲಿ, ಸಿನ್ನರ್ ಇರಲಿ, ನಮ್ಮ ಹುಬ್ಬಳ್ಳಿ, ಮೈಸೂರು ಇರಲಿ, ಮದುವೆ ಮೆರವಣಿಗೆಯಲ್ಲಿ ಟ್ರಂಪೆಟ್ ಊದುವ ಬ್ಯಾಂಡ್‌ನವರು ಇದ್ದೇ ಇರುತ್ತಾರೆ. ಅವರ ಕೈಯಲ್ಲಿರುವುದು ಸ್ಕಾಟಲೈಟ್ಸ್ ಕೈಯಲ್ಲಿದ್ದ ವಾದ್ಯಗಳೇ. ಕಿಂಗ್‌ಸ್ಟನ್‌ನಲ್ಲಿ ಬಡ ಶಾಲೆಯ ಹುಡುಗರ ಹೆಸರನ್ನು ಯಾರೋ ರೆಕಾರ್ಡ್ ಮೇಲೆ ಬರೆದರು, ಅದಕ್ಕೇ 60 ವರ್ಷಗಳ ನಂತರವೂ ಅವರಲ್ಲಿ ಯಾರು ಶ್ರೇಷ್ಠ ಎಂದು ಜಗತ್ತು ವಾದ ಮಾಡುತ್ತಿದೆ. ನಮ್ಮ ಮೆರವಣಿಗೆಯ ಬ್ಯಾಂಡ್‌ನವರ ಹೆಸರನ್ನು ನಾವು ಕೇಳುವುದೂ ಅಪರೂಪ. ಮುಂದಿನ ಮದುವೆಯಲ್ಲಿ ಒಳ್ಳೆಯ ಟ್ರಂಪೆಟ್ ಕಿವಿಗೆ ಬಿದ್ದರೆ, ಊದಿದವರ ಹೆಸರು ಕೇಳಿ ಬನ್ನಿ.